ದೀಪ ಆರಿಸುವ ಕ್ರಮ

ಇವತ್ತು ಬೆಳಿಗ್ಗೆ ನಮ್ಮ ಫ್ಲಾಟಿನ ಬಾಗಿಲಡಿಯಿಂದ ಒಂದು ಕರಪತ್ರ ಒಳಗೆ ಬಂತು. ಬರುವ ಭಾನುವಾರ ಗ್ಯಾಸ್ ಸೋರಿಕೆಯ ಅಣಕು ಕಾರ್ಯಾಚರಣೆ ಇದೆಯಂತೆ, ನಿವಾಸಿಗಳೆಲ್ಲ ಕೆಳಗಿಳಿದು ಬರಬೇಕಂತೆ, ಬಂದವರಿಗೆ ಇಡ್ಲಿ ಸಾಂಬಾರ್ ಇದೆಯಂತೆ. ಇಡ್ಲಿಯ ಮಾತಿಲ್ಲದಿದ್ದರೆ ಯಾರೂ ಇಳಿಯುವುದಿಲ್ಲವೆಂದು ಬರೆದವರಿಗೆ ಗೊತ್ತು. ಮೊದಲ ಸೂಚನೆಯೇ 'ಗಾಬರಿಯಾಗಬೇಡಿ'. ಓದಿ ನನಗೆ ನಗು ಬಂತು. ನಮ್ಮ ಕುಟುಂಬದಲ್ಲಿ ಗಾಬರಿಯಾಗುವವರೇ ಇಲ್ಲ ಸ್ವಾಮಿ! ಒಬ್ಬರಾದರೂ ಹೊತ್ತಿಗೆ ಸರಿಯಾಗಿ ಗಾಬರಿಯಾಗಿದ್ದರೆ, ಆ ಸಂಜೆ ನಾನು ಅಂಗಳದಲ್ಲಿ ಹೂ ಕೊಯ್ಯುತ್ತ ನಿಲ್ಲುತ್ತಿರಲಿಲ್ಲ.

ಅದು ಸುರತ್ಕಲ್‌ನಲ್ಲಿ ನನ್ನ ದೊಡ್ಡಪ್ಪನ ಮನೆ. ದೊಡ್ಡಪ್ಪ ದೇವಸ್ಥಾನದ ಅರ್ಚಕರಾಗಿದ್ದವರು, ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲೇ ಇದ್ದರು. ಅಷ್ಟೊಂದು ಮುನ್ನೆಚ್ಚರಿಕೆಯ ಮನೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಗ್ರಹಣ ಹಿಡಿಯುವ ಮೊದಲು ಯಾವ ಪಾತ್ರೆಗೆ ದರ್ಭೆ ಹಾಕಬೇಕು, ದುಬಾಯಿಯಲ್ಲಿ ದಾಯಾದಿ ತೀರಿಕೊಂಡರೆ ಇಲ್ಲಿ ಸೂತಕ ಯಾವತ್ತಿನಿಂದ, ಎಲ್ಲದಕ್ಕೂ ಉತ್ತರ ತಯಾರು. ಸತ್ತ ಮೇಲೆ ಮಾಡಬೇಕಾದ್ದಕ್ಕೆ ಸಂಪೂರ್ಣ ಸಿದ್ಧತೆ ಇತ್ತು. ಸಾಯದೆ ಇರಲು ಮಾಡಬೇಕಾದ್ದು ಪಂಚಾಂಗದಲ್ಲಿ ಇರಲಿಲ್ಲ, ಅಷ್ಟೆ. ಆಯುಧಪೂಜೆಗೆ ಗ್ಯಾಸ್ ಸಿಲಿಂಡರಿಗೂ ತಪ್ಪದೆ ಕುಂಕುಮ ಬೀಳುತ್ತಿತ್ತು. ಅದರ ರಬ್ಬರ್ ಟ್ಯೂಬ್ ಬದಲಿಸಿದ್ದು ಯಾವಾಗ ಎಂಬುದು ಮಾತ್ರ ಯಾರಿಗೂ ನೆನಪಿರಲಿಲ್ಲ.

ನಾನು ಕಡಿಮೆಯೆಂದು ತಿಳಿಯಬೇಡಿ. ಆಗ ನಾನು ಆ ಮನೆಯಲ್ಲೇ ಇದ್ದುಕೊಂಡು ಪಣಂಬೂರಿನ ಒಂದು ಕಂಪೆನಿಯಲ್ಲಿ ಗುಮಾಸ್ತನಾಗಿದ್ದೆ. ಸುರಕ್ಷತೆಯ ಬಗ್ಗೆ ಅಲ್ಲಿ ನಡೆದ ಪ್ರಬಂಧ ಸ್ಪರ್ಧೆಯಲ್ಲಿ ಸ್ಟೀಲಿನ ಟಿಫಿನ್ ಡಬ್ಬಿ ಗೆದ್ದವನು.

ಆ ಸಂಜೆ ದೊಡ್ಡಮ್ಮ ದೇವರಿಗೆ ದೀಪ ಹಚ್ಚಿ ಬಂದು ನಮ್ಮೊಂದಿಗೆ ಚಾವಡಿಯಲ್ಲಿ ಕುಳಿತಿದ್ದರು. ದೇವರ ಕೋಣೆ ಅಡುಗೆಮನೆಗೆ ತಾಗಿಯೇ ಇತ್ತು.

"ಎಂತ ವಾಸನೆ ಇದು?" ಎಂದರು ದೊಡ್ಡಪ್ಪ.

"ಅಟ್ಟದಲ್ಲಿ ಇಲಿ ಸತ್ತಿರಬೇಕು," ಎಂದರು ದೊಡ್ಡಮ್ಮ.

ಡಬ್ಬಿ ಗೆದ್ದ ನಾನು, ಇದು ಫ್ಯಾಕ್ಟರಿ ಕಡೆಯಿಂದ ಬರುವ ಗಾಳಿ ಎಂದು ತೀರ್ಪು ಕೊಟ್ಟೆ. ದೊಡ್ಡಪ್ಪನ ಮಗಳು ಶ್ಯಾಮಲಾ ಶಾಲೆಯಲ್ಲಿ ಟೀಚರು. ಅವಳು ಯಾವ ತೀರ್ಪಿಗೂ ಕಾಯದೆ ಅಡುಗೆಮನೆಗೆ ಹೋಗಿ ಅಲ್ಲಿಂದಲೇ ಕೂಗಿದಳು.

"ಗ್ಯಾಸ್ ಲೀಕ್ ಉಂಟು! ನಾನು ರೆಗ್ಯುಲೇಟರ್ ಬಂದ್ ಮಾಡಿದೆ, ಕಿಟಕಿ ತೆಗೀತಾ ಇದ್ದೇನೆ. ಯಾರೂ ಸ್ವಿಚ್ ಮುಟ್ಟಬೇಡಿ. ಅಪ್ಪಾ, ದೀಪ ಆರಿಸಿ, ಬೇಗ!"

ಗ್ಯಾಸ್ ಗಾಳಿಗಿಂತ ಭಾರ, ನೆಲ ಹಿಡಿದೇ ಹರಡುತ್ತದೆ. ನಮ್ಮ ದೀಪವಿದ್ದದ್ದೂ ನೆಲದ ಮೇಲೆಯೇ. ದೊಡ್ಡಪ್ಪ ದೇವರ ಕೋಣೆಯ ಹೊಸ್ತಿಲವರೆಗೆ ಹೋಗಿ ನಿಂತರು.

"ಬಾಯಿಂದ ಊದುವ ಕ್ರಮ ಇಲ್ಲ. ಒಂದು ಹೂ ತಾ ಮಾರಾಯ," ಎಂದರು ನನಗೆ.

ದೀಪಕ್ಕೆ ಬಾಯಿಯ ಎಂಜಲು ತಾಗಬಾರದು. ಬತ್ತಿಯನ್ನು ಹೂವಿನಿಂದ ಮೆಲ್ಲನೆ ಎಣ್ಣೆಗೆ ಜಾರಿಸಿ ದೀಪವನ್ನು ಶಾಂತ ಮಾಡುವುದು ನಮ್ಮಲ್ಲಿಯ ಪದ್ಧತಿ. ಇಂಥ ಹೊತ್ತಿನಲ್ಲಿ ಬೇರೆಯವರು ಜೀವ ಉಳಿಸಿಕೊಳ್ಳಲು ಓಡುತ್ತಾರೆ. ನಾನು ಹೂವಿಗೆ ಓಡಿದೆ. ದಾಸವಾಳದ ಗಿಡದ ಮುಂದೆ ನಿಂತು, "ಬಾಡಿದ್ದು ಆದೀತಾ?" ಎಂದು ಕೂಗಿ ಕೇಳಿದೆ ಕೂಡ. "ಬೇಡ, ನಂದಿಬಟ್ಟಲು ಉಂಟಾ ನೋಡು," ಎಂದು ಒಳಗಿನಿಂದ ಉತ್ತರವೂ ಬಂತು.

ನಾನು ನಂದಿಬಟ್ಟಲು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ದೊಡ್ಡಮ್ಮ ಗಂಡನನ್ನು ಬದಿಗೆ ತಳ್ಳಿ ಒಳಹೊಕ್ಕಿದ್ದರು. ಬಗ್ಗಿದವರೇ ಉಫ್ ಎಂದು ಊದಿಬಿಟ್ಟರು. ಆಮೇಲೆ ದೊಡ್ಡಪ್ಪನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದರು. ಶ್ಯಾಮಲಾ ಹಿಂಬಾಗಿಲಿನಿಂದ ಸುತ್ತಿ ಬಂದಳು. ನಾಲ್ಕೂ ಜನ ಬದುಕಿಕೊಂಡೆವು.

ದೊಡ್ಡಮ್ಮ ಅಳತೊಡಗಿದ್ದು ಆಗ. "ನನ್ನ ಬಾಯಿಂದ ದೇವರ ದೀಪ ನಂದಿತಲ್ಲ! ಇವರಿಗೆ ಎಂತದಾದ್ರೂ ಆದರೆ ನಾನು ಎಂತ ಮಾಡುದು?"

ಮುತ್ತೈದೆ ದೀಪ ಊದಿದರೆ ಗಂಡನಿಗೆ ಕೇಡು ಎಂದು ಚಿಕ್ಕಂದಿನಲ್ಲಿ ಅವರಿಗೆ ಯಾರೋ ಹೇಳಿದ್ದರು. ಅದನ್ನವರು ಮನಸಾರೆ ನಂಬಿದ್ದರು. ನಂಬಿಕೊಂಡೇ ಊದಿದ್ದರು.

"ಪ್ರಾಯಶ್ಚಿತ್ತ ಎಂತ ಉಂಟು, ಹೇಳಿ ನೀವು," ಎಂದು ದೊಡ್ಡಪ್ಪನ ಮುಂದೆ ನಿಂತರು.

ಊರಿಗೆಲ್ಲ ಪರಿಹಾರ ಹೇಳಿದ ದೊಡ್ಡಪ್ಪ, "ಪ್ರಾಯಶ್ಚಿತ್ತ ಉಂಟು. ನಿನಗಲ್ಲ, ನನಗೆ. ನಾನು ಹೂವಿಗೆ ಕಾದು ನಿಂತೆ," ಎಂದರು. ನಾನು ಕೈಯಲ್ಲಿದ್ದ ನಂದಿಬಟ್ಟಲನ್ನು ಮೆಲ್ಲನೆ ಬೆನ್ನ ಹಿಂದೆ ಅಡಗಿಸಿದೆ.

ಇದನ್ನೆಲ್ಲ ನೆನೆದು ನಗುತ್ತ ಕರಪತ್ರ ಮಡಚುವಾಗ ಒಂದು ಸಂಶಯ ತಲೆಯೊಳಗೆ ಹೊಕ್ಕಿತು. ಹೆಂಡತಿಯನ್ನು ಕರೆದು, "ನಮ್ಮ ರೆಗ್ಯುಲೇಟರ್ ಬಂದ್ ಮಾಡ್ಲಿಕ್ಕೆ ಯಾವ ಕಡೆ ತಿರುಗಿಸ್ಬೇಕು?" ಎಂದು ಕೇಳಿದೆ.

"ಇಷ್ಟು ವರ್ಷ ನಿಮ್ಮ ಚಹಾ ಬಿಸಿಲಲ್ಲಿ ಕುದೀತಿತ್ತಾ?" ಎಂದಳು. ಆದರೂ ತೋರಿಸಿಕೊಟ್ಟಳು.

ಸಂಜೆ ಅವಳು ದೀಪ ಹಚ್ಚಿದ ಮೇಲೆ, "ಇದನ್ನೂ ಒಮ್ಮೆ ಊದಿ ನೋಡ್ತೇನೆ," ಎಂದೆ. ಬಗ್ಗಿ ಕೆನ್ನೆ ಉಬ್ಬಿಸಿದೆ. ಉಸಿರು ಹೊರಡಲಿಲ್ಲ. ನಾನು ಅಂಥ ಭಕ್ತನೇನಲ್ಲ; ಆದರೂ ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಊದಿದೆ.

ನಮ್ಮ ಮನೆಯಲ್ಲಿ ಗ್ಯಾಸ್ ಸೋರಿರಲಿಲ್ಲ. ನಾನು ಊದಿದರೆ ಯಾರಿಗಾದರೂ ಕೇಡಾದೀತೆಂದು ನನಗೆ ಯಾರೂ ಹೇಳಿರಲಿಲ್ಲ. ಅಷ್ಟಾದರೂ ನನಗೆ ಮೂರು ಸಲ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ದೊಡ್ಡಮ್ಮ ಮೊದಲ ಉಸಿರಿಗೇ ಊದಿದ್ದರು.