ತಾಯಕ್ಕನ ತಣ್ಣನೆ ಕಾಲು

ಅಕ್ಕನನ್ನು ಮಂಚದಿಂದ ಕೆಳಗಿಳಿಸಿದ್ದಾರೆ ಎಂಬ ಸುದ್ದಿ ಬಂದಾಗ ನಾನು ಅಗ್ಗಿಷ್ಟಿಕೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೈ ಕಾಯಿಸಿಕೊಳ್ಳುತ್ತಿದ್ದೆ.

ಕೆಳಗಿಳಿಸುವುದು ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಹುಟ್ಟಿ ಬೆಳೆದ ಓದುಗರಿಗೆ ಒಂದು ಮಾತು. ಮಂಚದ ಮೇಲೆ ಪ್ರಾಣ ಹೋಗಬಾರದು, ಹೋದರೆ ಮನೆಗೆ ಕೇಡು. ಅದಕ್ಕೇ, ಇನ್ನೇನು ಆಯಿತು ಅನ್ನುವಾಗ ನಡುಮನೆಯ ನೆಲ ಸಾರಿಸಿ, ಹೊತ್ತು ತಂದು ಮಲಗಿಸಿ, ಬಾಯಿಗೆ ನೀರು ಬಿಡುತ್ತಾರೆ. ಆಮೇಲೆ ಸುತ್ತ ಕೂತು ಕಾಯುತ್ತಾರೆ.

ಸುದ್ದಿ ತಂದವನು ಸೋಸಲೆಯ ಭಾವನ ಮನೆಯ ಆಳು ಚೌಡ. "ಅಮ್ಮಾರ್ನ ಕೆಳೀಕ್ ಇಳ್ಸವ್ರೆ ಬುದ್ದಿ. ಬ್ಯಾಗ್ನೆ ಒಂಡಿ," ಎಂದ.

ಪುಟ್ಟತಾಯಮ್ಮ ನನಗೆ ಇರುವ ಒಬ್ಬಳೇ ಅಕ್ಕ. ಅವ್ವ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ನನಗೆ ಅವಳು ತಾಯಕ್ಕ.

ನನ್ನ ಕೈಯ ಪುರಾಣ ಈ ಅಂಕಣ ಓದುವವರಿಗೆ ಹೊಸದಲ್ಲ. (ಹೊಸಬರು ಕೇಳಿಸಿಕೊಳ್ಳಿ, ಹಳಬರು ಕ್ಷಮಿಸಿ.) ಚಳಿ ಬಂತೆಂದರೆ ನನ್ನ ಬೆರಳ ತುದಿಗಳು ಸುಣ್ಣದ ಹಾಗೆ ಬೆಳ್ಳಗಾಗುತ್ತವೆ. ಆಮೇಲೆ ನೀಲಿ. ಬಿಸಿ ತಾಗಿದರೆ ಕೆಂಪಗಾಗಿ ಚುಚ್ಚುತ್ತವೆ. ಕಾಲೂ ಹಾಗೇ, ಎರಡು ಕಂಬಳಿ ಹೊದ್ದರೂ ಹಾಗೇ. ಸ್ಕೂಲಿನಲ್ಲಿ ಬೋರ್ಡಿನ ಮುಂದೆ ನಿಂತರೆ ಸೀಮೆಸುಣ್ಣ ಜಾರಿ ಬೀಳುತ್ತದೆ. ಧನುರ್ಮಾಸದಲ್ಲಿ ಇಡೀ ನಂಜನಗೂಡು ಕಪಿಲೆಯಲ್ಲಿ ಮುಳುಗಿ ಏಳುವಾಗ ನಾನೊಬ್ಬ ಬಚ್ಚಲಿನ ಹಂಡೆಯ ಪಕ್ಕ ನಿಂತಿರುತ್ತೇನೆ. ಮೇಷ್ಟ್ರಿಗೆ ಭಕ್ತಿ ಸಾಲದು ಎನ್ನುತ್ತಾರೆ. ಭಕ್ತಿ ಬೇಕಾದಷ್ಟಿದೆ ಸ್ವಾಮಿ. ರಕ್ತಕ್ಕೆ ಬೆರಳ ತುದಿಯವರೆಗೆ ಹೋಗಿಬರಲು ಸೋಮಾರಿತನ, ಅಷ್ಟೆ!

ಇದು ಅವ್ವನ ಬಳುವಳಿ. ನನಗೂ ಬಂತು, ತಾಯಕ್ಕನಿಗೂ ಬಂತು. ಚಿಕ್ಕಂದಿನಲ್ಲಿ ಒಂದೇ ಕಂಬಳಿಯಲ್ಲಿ ಮಲಗಿ ಒಬ್ಬರ ಕಾಲಿಗೆ ಒಬ್ಬರು ಕಾಲು ಒತ್ತುತ್ತಿದ್ದೆವು. ಇಬ್ಬರಿಗೂ ಬೆಚ್ಚಗಾಗುತ್ತಿರಲಿಲ್ಲ. ನಗು ಮಾತ್ರ ಬರುತ್ತಿತ್ತು.

ಗಾಡಿ ಕಟ್ಟಿಸಿ ಹೊರಟೆ. ಊರು ದಾಟಿದ ಮೇಲೆ ಚೌಡನನ್ನು ಕೇಳಿದೆ, ಏನಾಗಿತ್ತೋ ಅವಳಿಗೆ?

"ಜರ ಬುದ್ದಿ. ಮೈ ಕೆಂಡ ಸುಟ್ಟಂಗ್ ಸುಡ್ತಿತ್ತು. ಪ್ಲೇಗೇನಲ್ಲ, ಗೆಡ್ಡೆ ಬಂದಿರ್ನಿಲ್ಲ. ನೆನ್ನೆ ಮಾತು ನಿಂತೋಯ್ತು. ದೊಡ್ಡಮ್ಮಾರು ಕಾಲ್ ಮುಟ್ ನೋಡುದ್ರು. ತಣ್ಣಗ್ ಕೊರೀತಿತ್ತಂತೆ."

"ಕಾಲು ತಣ್ಣಗಿತ್ತು ಅಂತ ಇಳಿಸಿಬಿಟ್ಟರಾ?"

"ಕಾಲ್ ತಣ್ಣಗಾದ್ ಮ್ಯಾಕೆ ಇನ್ನೇನದೆ ಬುದ್ದಿ?"

ಅವನನ್ನು ಬೈದು ಏನು ಪ್ರಯೋಜನ? ನಮ್ಮಲ್ಲಿ ಸಾವು ಕಾಲಿನಿಂದ ಮೇಲಕ್ಕೆ ಏರುತ್ತದೆ. ಮೊದಲು ಪಾದ, ಆಮೇಲೆ ಮೊಣಕಾಲು. ಮನೆಯಲ್ಲಿ ಹಿರಿಯರಾದವರು ಪಾದ ಮುಟ್ಟಿ ನೋಡಿ ಹೇಳಿಬಿಡುತ್ತಾರೆ. ಆದರೆ ತಾಯಕ್ಕನ ಪಾದ ಹುಟ್ಟಿದಾರಭ್ಯ ತಣ್ಣಗೇ ಇತ್ತಲ್ಲ! ಗಾಡಿಯಿಂದ ಧುಮುಕಿ ಓಡಿಬಿಡೋಣ ಅನಿಸಿತು.

ನರಸೀಪುರ ಮುಟ್ಟಿ, ಹರಿಗೋಲಿನಲ್ಲಿ ಹೊಳೆ ದಾಟಿ ಸೋಸಲೆ ಸೇರುವಾಗ ಬಿಸಿಲು ಇಳಿದಿತ್ತು. ಜಗಲಿಯ ತುಂಬ ಜನ. ಒಳಗೆ ನಡುಮನೆಯಲ್ಲಿ, ಸಗಣಿ ಹಾಕಿ ಸಾರಿಸಿದ ಹಸಿ ನೆಲದ ಮೇಲೆ ಒಂದು ಹಳೆ ಸೀರೆ ಹಾಸಿ ಅವಳನ್ನು ಮಲಗಿಸಿದ್ದರು. ತಲೆಯ ಹತ್ತಿರ ದೀಪ. ಪಕ್ಕದಲ್ಲಿ ಮೊರದೊಳಗೆ ಹೊಸ ಸೀರೆ, ಅರಿಸಿನ, ಹೂವು ಎಲ್ಲ ಸಿದ್ಧ. ಅದನ್ನು ನೋಡಿ ನನ್ನ ಮೈ ಉರಿದುಹೋಯಿತು.

ಭಾವನ ಹಿರಿಯಕ್ಕ ಸಿದ್ದಮ್ಮ ಎದ್ದು ಬಂದರು. ಚೌಡ ದೊಡ್ಡಮ್ಮಾರು ಅಂದದ್ದು ಇವರನ್ನೇ. ಗಂಡ ಸತ್ತ ಮೇಲೆ ತವರಿಗೆ ಬಂದವರು, ಆ ಮನೆಯ ಯಜಮಾನಿಕೆ ಅವರದು. "ಬಂದಾ ಕಣಪ್ಪ? ನಿನ್ನ ನೋಡಕ್ಕೇ ಜೀವ ಇಟ್ಕಂಡವ್ಳೆ. ಕಾಲ್ ಮುಟ್ ನೋಡು, ಎಂಗಾಗದೆ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮುಟ್ಟಿದೆ. ನನಗೆ ತಣ್ಣಗೆ ಅನಿಸಲೇ ಇಲ್ಲ. ನನ್ನ ಕೈ ಎಷ್ಟು ತಣ್ಣಗಿತ್ತೋ ಅವಳ ಕಾಲೂ ಅಷ್ಟೇ ತಣ್ಣಗಿತ್ತು. ಆ ಕಾಲಿಗೆ ಏನೂ ಆಗಿಲ್ಲ ಎಂದು ಹೇಳಬಲ್ಲ ಕೈ ಆ ಮನೆಯಲ್ಲಿ ನನ್ನದೊಂದೇ.

ಕಿವಿಯ ಹತ್ತಿರ ಬಗ್ಗಿ "ತಾಯಕ್ಕಾ!" ಎಂದು ಜೋರಾಗಿ ಕೂಗಿದೆ. ಅವಳು ಕಣ್ಣು ಬಿಟ್ಟಳು.

ಭಾವ ಗಳಗಳನೆ ಅತ್ತುಬಿಟ್ಟರು. ಸಿದ್ದಮ್ಮ ಕೈಮುಗಿದರು. ನಾನು ಹೇಳಿದೆ, ಮೊದಲು ಮಂಚಕ್ಕೆ ಎತ್ತಿ, ನೆಲ ಇನ್ನೂ ಹಸಿಯಾಗಿದೆ. ಯಾರೂ ಅಲುಗಲಿಲ್ಲ.

"ಅದೆಂಗಾದದಪ್ಪಾ?" ಎಂದರು ಸಿದ್ದಮ್ಮ. "ಇಳ್ಸಿದ್ ಜೀವ್ವ ಮತ್ತೆ ಮಂಚಕ್ ಅತ್ಸುದ್ರೆ ಅದ್ರ ಬದ್ಲಿಗೆ ಇನ್ನೊಂದ್ ಜೀವ ಓಯ್ತದೆ. ಸೊಸೆ ಬಸ್ರಿ ಅವ್ಳೆ. ನಂಗೇನ್ ಇವ್ಳು ಬ್ಯಾಡ್ವಾ? ನಾನೇನ್ ಮಾಡ್ಲಿ ಯೋಳು."

ನಾನು ಕೂಗಾಡಿದೆ. ಓದಿದವನ ಠೀವಿಯನ್ನೆಲ್ಲ ತೋರಿಸಿದೆ. ಭಾವ ತಲೆ ತಗ್ಗಿಸಿ ಕಂಬ ಒರಗಿ ನಿಂತರು. ಬಾಗಿಲ ಸಂದಿಯಲ್ಲಿ ಆ ಹುಡುಗಿ, ತಾಯಕ್ಕನ ಸೊಸೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಡುಗುತ್ತಿದ್ದಳು. ಆಗ ನೆಲದಿಂದ ಸಣ್ಣ ದನಿ ಬಂತು.

"ಬುಡು ಮಗ. ಬಸ್ರಿ ಎಂಗ್ಸು ಎದುರ್ಕತದೆ. ನಾ ಇಲ್ಲೇ ಇರ್ತಿನಿ."

ಮುಗಿಯಿತು. ಅವಳೇ ಅಂದ ಮೇಲೆ ನಾನು ಯಾರ ಹತ್ತಿರ ಜಗಳವಾಡಲಿ? ಒಣಹುಲ್ಲು ಹರಡಿ, ಚಾಪೆ ಹಾಸಿ, ಕಂಬಳಿಗಳನ್ನು ಹೊದಿಸಿದೆ. ಕಾಲ ಹತ್ತಿರ ಅಗ್ಗಿಷ್ಟಿಕೆ ಇಡಿಸಿದೆ. ನರಸೀಪುರದಿಂದ ಡಾಕ್ಟರನ್ನು ಕರೆಸಿದೆ. ಅವರು ಎದೆಗೆ ಕೊಳವೆ ಇಟ್ಟು ಕೇಳಿ ನನ್ನನ್ನು ಆಚೆಗೆ ಕರೆದರು. "ಜ್ವರ ತಾನಾಗೇ ಇಳೀತಿತ್ತು ಕಣ್ರೀ. ಈಗ ಶೀತ ಎದೆಗೆ ಇಳಿದಿದೆ. ಈ ಚಳೀಲಿ ನೆಲದ ಮೇಲೆ ಯಾಕ್ರೀ ಮಲಗಿಸಿದಿರಿ?"

ಒಳಗೆ ಹೋಗಿ ಅಗ್ಗಿಷ್ಟಿಕೆಗೆ ಇನ್ನಷ್ಟು ಕೆಂಡ ಹಾಕಿದೆ.

ಮಾರನೆಯ ದಿನ ತಾಯಕ್ಕನಿಗೆ ಸ್ವಲ್ಪ ಮಾತು ಬಂತು. "ಎಲ್ಲಾ ಕೇಳುಸ್ತಿತ್ತು ಕಣ್ ಮಗ. ಯಾವ್ ಸೀರೆ ಉಡುಸ್ಬೇಕು, ಯಾವ್ ಒಲದಲ್ಲಿ ಮಡಗ್ಬೇಕು, ಎಲ್ಲಾವ. ನಾ ಇವ್ನಿ ಕಣ್ರವ್ವ ಅನ್ನಕ್ಕೆ ನಾಲ್ಗೆ ತಿರುಗ್ನಿಲ್ಲ."

"ನಿನ್ನ ಕಾಲು ಯಾವಾಗಲೂ ತಣ್ಣಗೇ ಇರ್ತದೆ ಅಂತ ಇವರಿಗೆ ಗೊತ್ತಿರಲಿಲ್ಲವಾ ಅಕ್ಕ?"

"ಯಾರ್ಗೂ ಯೋಳ್ನಿಲ್ಲ."

ಯಾಕೆ ಅಂದರೆ, ಧಾರೆಯ ದಿನ ಅತ್ತೆ ಅವಳ ಕೈ ಹಿಡಿದು, ತಟ್ಟನೆ ಬಿಟ್ಟು, "ಇದೇನವ್ವ, ಎಣದ್ ಕೈ ಇದ್ದಂಗದೆ" ಎಂದಿದ್ದರಂತೆ. ಹತ್ತಿರ ನಿಂತವರು ನಕ್ಕರಂತೆ. ಆ ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ಹೆಣದ ಕೈ ಎಂಬ ಮಾತು ಮಾತ್ರ ಸಾಯಲಿಲ್ಲ. ಅಂದಿನಿಂದ ತಾಯಕ್ಕ ಒಲೆಯ ಮುಂದೆ ಕೈ ಕಾಯಿಸಿಕೊಳ್ಳದೆ ಯಾರನ್ನೂ ಮುಟ್ಟಿದವಳಲ್ಲ. ಕೂಸು ಅತ್ತರೆ ಮೊದಲು ಒಲೆಯ ಹತ್ತಿರ ಓಡುವಳು, ಆಮೇಲೆ ತೊಟ್ಟಿಲ ಹತ್ತಿರ. ಮಲಗುವಾಗ ಕಾಲಿಗೆ ಹಳೆ ಬಟ್ಟೆ ಸುತ್ತಿಕೊಂಡು ಗೋಡೆಯ ಕಡೆಗೆ ತಿರುಗುವಳು. ಕೂಸುಗಳು ದೊಡ್ಡವಾದವು, ಸೊಸೆ ಬಂದಳು. ಕಟ್ಟಿಕೊಂಡ ಗಂಡನಿಗೂ ಗೊತ್ತಾಗಲಿಲ್ಲ.

"ಅಡ್ಗೆ ಮನೇಲೇ ಇರ್ತಿದ್ನಲ್ಲ ಮಗ, ಒಲೆ ಅತ್ರವೇ. ಎಂಗೋ ನಡ್ಕಂಡೋಯ್ತು," ಎಂದು ನಕ್ಕಳು.

ನಾವು ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಗೊರಸು ಎತ್ತಿ ನೋಡುತ್ತೇವೆ. ಬೆನ್ನು ಒತ್ತಿ ನೋಡುತ್ತೇವೆ. ದಿನಾ ಅನ್ನ ಬಡಿಸುವ ಕೈಯನ್ನು ಒಂದು ಸಲವಾದರೂ ಹಿಡಿದು ನೋಡುತ್ತೇವೆಯೇ? ಆ ಮನೆಯಲ್ಲಿ ಅವಳ ಕಾಲನ್ನು ಮೊದಲ ಸಲ ಮುಟ್ಟಿದ್ದು ಅವಳು ಸತ್ತಳೋ ಇಲ್ಲವೋ ಎಂದು ತಿಳಿಯುವುದಕ್ಕೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಸಿದ್ದಮ್ಮನ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಡಾಕ್ಟರ ಮಾತು ಕಿವಿಗೆ ಬಿದ್ದಾಗಿನಿಂದ ಅವರು ತಾಯಕ್ಕನ ಕಾಲ ಬುಡ ಬಿಟ್ಟು ಏಳಲಿಲ್ಲ. ಊಟಕ್ಕೂ ಏಳಲಿಲ್ಲ. ಅಗ್ಗಿಷ್ಟಿಕೆಗೆ ಕೈ ಕಾಯಿಸಿ ಆ ಪಾದಗಳನ್ನು ಉಜ್ಜುತ್ತ, "ಒಂದ್ ಮಾತು ಯೋಳಿದ್ರೆ ಆಯ್ತಿರ್ನಿಲ್ವಾ ತಾಯಿ, ಒಂದ್ ಮಾತು" ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು.

ವಾರ ತುಂಬಲಿಲ್ಲ. ಒಂದು ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಂದ ಹೊತ್ತಿಗೆ ನಾನು ಅಡಿಗೆಮನೆಯಿಂದ ಹೊಸ ಕೆಂಡ ತರುತ್ತಿದ್ದೆ. ಸಿದ್ದಮ್ಮ ನನ್ನನ್ನು ನೋಡಿ ಹಿಗ್ಗಿ ಕೂಗಿದರು. "ನೋಡ್ ಬಾರಪ್ಪ! ಕಾಲು ಬೆಚ್ಚಗದೆ! ಉಳ್ಕಂಡ್ಳು ನಮ್ಮವ್ವ!"

ನಾನು ಮುಖ ನೋಡಿದೆ. ಕೆಂಡದ ಬಾಂಡಲಿ ಕೆಳಗಿಟ್ಟೆ. ಕಿವಿಯ ಹತ್ತಿರ ಬಗ್ಗಿ ತಾಯಕ್ಕಾ ಎಂದೆ. ಮತ್ತೆ ಕೂಗಿದೆ. ಸಿದ್ದಮ್ಮ ಪಾದ ಉಜ್ಜುತ್ತಲೇ ಇದ್ದರು. ನಾನು ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು.

ನಾನೂ ಆ ಪಾದ ಮುಟ್ಟಿದೆ. ನಿಜ, ಬೆಚ್ಚಗಿತ್ತು. ಅಷ್ಟು ಬೆಚ್ಚಗಿನ ಕಾಲು ಅವಳಿಗೆ ಬದುಕಿದ್ದಾಗ ಒಂದು ದಿನವೂ ಇರಲಿಲ್ಲ.

ನಂಜನಗೂಡಿಗೆ ಬಂದು ಈ ವಾರ ಏನೂ ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ನನ್ನ ಹೆಂಡತಿಗೆ ಹೇಳಿದೆ, ನನ್ನ ಸರದಿ ಬಂದಾಗ ಕಾಲು ಮುಟ್ಟಿ ನೋಡಬೇಡ ಮಾರಾಯ್ತಿ, ಹೆಸರು ಹಿಡಿದು ಕೂಗು. "ಗಂಡನ ಹೆಸರು ಹಿಡಿದು ಕೂಗೋದೇ? ಬಿಡ್ತು ಅನ್ನಿ," ಎಂದವಳು, ಆಮೇಲೆ ಅಗ್ಗಿಷ್ಟಿಕೆಯನ್ನು ನನ್ನ ಹತ್ತಿರಕ್ಕೆ ಸರಿಸಿ ನನ್ನ ಕೈಗಳನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು. ಅವಳ ಕೈ ಬೆಚ್ಚಗಿತ್ತು. ಅದು ನನಗೆ ಇಷ್ಟು ದಿನ ಗೊತ್ತಿರಲಿಲ್ಲ.

ಈ ಪತ್ರಿಕೆಯನ್ನು ಮಡಿಸಿ ಇಡುವ ಮುಂಚೆ ಹೇಳಿ, ನಿಮ್ಮ ಮನೆಯಲ್ಲಿ ಯಾರ ಕಾಲು ಯಾವಾಗಲೂ ತಣ್ಣಗಿರುತ್ತದೆ?