ಒಂದೇ ರಂಗೋಲಿ ಬಟ್ಟಲು

ಸಂಕ್ರಾಂತಿಯ ಬೆಳಿಗ್ಗೆ ಸಮೇತನಹಳ್ಳಿಯ ನಮ್ಮ ಮನೆಯ ಮುಂದೆ ರಂಗೋಲಿ ಬಿಡುವುದು ನಾನು ಮತ್ತು ಅಕ್ಕ, ಇಬ್ಬರೂ ಸೇರಿಯೇ. ಮದುವೆಯಾಗಿ ನೆಲಮಂಗಲಕ್ಕೆ ಹೋದ ಮೇಲೂ ಹಬ್ಬದ ಹಿಂದಿನ ದಿನವೇ ಬಸ್ಸು ಹತ್ತಿ ಬಂದುಬಿಡುತ್ತಿದ್ದಳು. ಈ ಸಲ ಬಸುರಿ. ಮಂಚ ಬಿಟ್ಟು ಏಳಕೂಡದೆಂದು ಡಾಕ್ಟರು ಹೇಳಿದ್ದರು. ಹಬ್ಬ ತಪ್ಪಿತೆಂದು ಫೋನಿನಲ್ಲಿ ಅತ್ತಳು. ಅಕ್ಕ ಅಳುವವಳಲ್ಲ, ಅಳಿಸುವವಳು. ನನಗೆ ಬಹಳ ಸಂಕಟವಾಯಿತು.

ನನ್ನ ಕೆಲಸ, ಬೇರೆ ಬೇರೆ ಊರಿನವರು ಒಟ್ಟಿಗೆ ಆಡುವ ಆಟಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು. ಅಕ್ಕನಿಗಾಗಿ ನಮ್ಮ ಅಂಗಳವನ್ನೇ ಕಟ್ಟಿದೆ. ಸಗಣಿ ಸಾರಿಸಿದ ನೆಲ, ಪಕ್ಕದಲ್ಲಿ ತುಳಸಿಕಟ್ಟೆ. ಅವಳ ಫೋನಿನಲ್ಲೊಂದು ಅಂಗಳ, ನನ್ನದರಲ್ಲೊಂದು. ಒಂದರಲ್ಲಿ ಎಳೆದ ಗೆರೆ ಇನ್ನೊಂದರಲ್ಲೂ ಮೂಡಬೇಕು.

ಹಬ್ಬಕ್ಕೆ ಮುಂಚೆ ಒಮ್ಮೆ ಆಡಿ ನೋಡಿದೆವು. ಗೆರೆಗಳು ನೆಲಮಂಗಲದ ಲಾರಿಗಳ ನಡುವೆ ಸಿಕ್ಕಿಕೊಂಡವೋ ಏನೋ, ತಡವಾಗಿ ಬರುತ್ತಿದ್ದವು. ಅಷ್ಟರಲ್ಲಿ ಇಬ್ಬರೂ ಅದೇ ಚುಕ್ಕಿಗೆ ಬೇರೆ ಬೇರೆ ಗೆರೆ ಎಳೆದಿರುತ್ತಿದ್ದೆವು. ನನ್ನದು ಅಲ್ಲಿಗೆ ಹೋಗಿ ಅವಳದನ್ನು ಅಳಿಸುತ್ತಿತ್ತು, ಅವಳದು ಇಲ್ಲಿಗೆ ಬಂದು ನನ್ನದನ್ನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

"ನಂಗೆ ಕಮಲ ಕಾಣ್ತಿದೆ ಕಣೇ, ನಿಂಗೆ?"

"ಜೇಡರ ಹುಳ."

"ಇದಕ್ಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?"

ನನಗೆ ಪಿತ್ತ ನೆತ್ತಿಗೇರಿತು. ಆದರೂ ಚಿಕ್ಕಂದಿನ ಪದ್ಧತಿಯೊಂದು ನೆನಪಾಯಿತು. ನಾವು ಜಗಳವಾಡುತ್ತೇವೆಂದು ಅಮ್ಮ ಒಂದೇ ಬಟ್ಟಲಿನಲ್ಲಿ ಪುಡಿ ಕೊಡುತ್ತಿದ್ದಳು. ಬಟ್ಟಲು ಹಿಡಿದವಳು ರಂಗೋಲಿ ಬಿಡಬೇಕು, ಇನ್ನೊಬ್ಬಳು ಕೆನ್ನೆಗೆ ಕೈ ಕೊಟ್ಟು ಕೂರಬೇಕು. ಆಟದೊಳಗೂ ಒಂದು ಬಟ್ಟಲು ಇಟ್ಟೆ. ಒಬ್ಬಳ ಗೆರೆಗಳೆಲ್ಲ ಇನ್ನೊಬ್ಬಳಿಗೆ ತಲುಪಿದ ಮೇಲಷ್ಟೇ ಬಟ್ಟಲು ಕೈ ಬದಲಾಗಬಹುದು.

ಹಬ್ಬದ ಬೆಳಿಗ್ಗೆ ಬಾಗಿಲ ಮುಂದಿನ ರಂಗೋಲಿಯನ್ನು ಅಮ್ಮನಿಗೆ ಬಿಟ್ಟು ನಾನು ಫೋನು ಹಿಡಿದೆ. ಎರಡು ಕಡೆಯೂ ಒಂದೇ ಕಮಲ ಅರಳುತ್ತಾ ಬಂತು. ಕೊನೆಗೆ ಒಂದೇ ಎಸಳು ಬಾಕಿ, ಅದು ನನ್ನ ಪಾಲಿನದು. ಬಟ್ಟಲು ಅಕ್ಕನ ಕೈಯಲ್ಲಿತ್ತು. ಕಾದೆ. ಗೆರೆಯೂ ಇಲ್ಲ, ಬಟ್ಟಲೂ ಇಲ್ಲ. ನೆಟ್‌ವರ್ಕಿಗೆ ಮನಸಾರೆ ಬೈದು ಲ್ಯಾಪ್‌ಟಾಪ್ ತೆರೆದೆ. ಹಿಡಿದವಳು ಸುಮ್ಮನಿದ್ದರೆ ಬಟ್ಟಲನ್ನು ಕಿತ್ತುಕೊಳ್ಳುವ ನಿಯಮವೊಂದನ್ನು ಸೇರಿಸೋಣವೆಂದುಕೊಂಡೆ. ಅದಕ್ಕೆ ಮೊದಲು, ಯಾವುದಕ್ಕೂ ಇರಲಿ ಎಂದು ವಿಡಿಯೋ ಕಾಲ್ ಮಾಡಿದೆ. ಅಕ್ಕ ತಕ್ಷಣ ಎತ್ತಿದಳು.

"ನೆಟ್‌ವರ್ಕ್ ಇದ್ಯಾ?"

"ಇದೆ."

"ಮತ್ತೆ ಬಟ್ಟಲು ಕೊಡಕ್ಕಾ, ಒಂದೇ ಎಸಳು."

"ಕೊಡಲ್ಲ ಹೋಗೇ. ಕೊಟ್ರೆ ಮುಗಿಸ್ಬಿಡ್ತೀಯ. ಮುಗಿದ್ರೆ ಫೋನ್ ಇಟ್ಬಿಡ್ತೀಯ. ಆಮೇಲೆ ನಾನಿಲ್ಲಿ ಫ್ಯಾನ್ ನೋಡ್ಕೊಂಡು ಬಿದ್ದಿರ್ಬೇಕು."

ಲ್ಯಾಪ್‌ಟಾಪ್ ಮುಚ್ಚಿದೆ. ಅಡುಗೆಮನೆಯಲ್ಲಿ ಫೋನನ್ನು ಡಬ್ಬಕ್ಕೆ ಆನಿಸಿ, ಅವಳಿಗೆ ಕಾಣುವಂತೆ ಪೊಂಗಲಿಗೆ ಕೊಬ್ಬರಿ ಹೆಚ್ಚುತ್ತಾ ಕೂತೆ.

"ಅಷ್ಟು ದಪ್ಪ ಹೆಚ್ಬೇಡ್ವೇ," ಎಂದಳು ಅಕ್ಕ.