ಅಕ್ಕನ ಖೋಲಿಗೆ ಹಿತ್ತಲ ಕಲ್ಲು

ಕಮಲಾಪುರದಲ್ಲಿ ಅಕ್ಕನ ಗಂಡನ ಮನೆ ಪಾಲಾದಾಗ ಅವಳಿಗೆ ಬಂದದ್ದು ಮಾಳಿಗೆಯ ಮೇಲಿನ ಖೋಲಿ. ಭಾವ ಇರುವತನಕ ಅದೊಂದು ಸುಖವಾಗಿತ್ತು. ಸಂಜೆಯ ಗಾಳಿ, ಕೆಳಗೆ ಬೀದಿಯ ಗದ್ದಲ. ಈಗ ಅಕ್ಕನ ಮಂಡಿ ಸವೆದಿದೆ. ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಾಳೆ, ಸಣ್ಣ ಮಗುವಿನ ಹಾಗೆ. ಅದನ್ನು ಕಂಡ ದಿನವೇ ಹೇಳಿದೆ, "ಕಲಬುರಗಿಗೆ ಬಂದುಬಿಡಕ್ಕಾ. ನಮ್ಮ ಮನಿಗಿ ಹೊಂದಿಸಿ ನಿನಗಂತ ಒಂದು ಖೋಲಿ ಕಟ್ಟಸ್ತೀವಿ, ಅಟ್ಯಾಚ್ಡ್ ಬಾತ್‌ರೂಮ್ ಸಹಿತ."

"ಖೋಲಿ ಅಲ್ಲ, ಕಾಂಪೌಂಡಿನಾಗ ಒಂದು ಡಬ್ಬಿ ಇಡ್ತಿ," ಎಂದಳು. "ಬಂದೋರೆಲ್ಲ ಇದು ಯಾವಾಗ ಕಟ್ಟಿಸಿದ್ರಿ, ಯಾರಿಗಿ ಅಂತ ಕೇಳ್ತಾರ. ನೆಂಟರ ಖೋಲ್ಯಾಗ ಇರಾಕಿ ಅಲ್ಲ ತಂಗಿ ನಾ."

"ಗೊತ್ತೇ ಆಗಲಾರದಂಗ ಕಟ್ಟಿಸಿದ್ರ?"

"ಕಟ್ಟಿಸು. ಬಂದು ನೋಡ್ತೀನಿ. ಹಳೇದು ಹೊಸಾದು ಕೂಡಿದ ಜೋಡು ಎಲ್ಲಿ ಅದ ಅಂತ ನನ್ನ ಕಣ್ಣಿಗಿ ಕಂಡ್ರ, ಅವತ್ತೇ ಬಸ್ ಹತ್ತತೀನಿ."

ಅಕ್ಕ ಹಟಕ್ಕೆ ಹೇಳುವವಳಲ್ಲ. ಹೇಳಿದರೆ ಮಾಡುವವಳು. ಬಸ್ಸಿನಲ್ಲಿ ವಾಪಸು ಬರುವಾಗಲೆಲ್ಲ ನನಗೆ ಆ ಮೆಟ್ಟಿಲೇ ಕಣ್ಣ ಮುಂದೆ.

ನಮ್ಮ ಮನೆ ಮಾವನವರ ಕಾಲದ್ದು. ಶಹಾಬಾದಿ ಕಲ್ಲಿನ ಗೋಡೆ, ಮೇಲೆ ಗಾರೆಯ ಗಿಲಾಯಿ ಇಲ್ಲ. ಉಳಿಯ ಏಟು ಒಂದೊಂದು ಕಲ್ಲಿನ ಮೇಲೂ ಕಾಣುತ್ತದೆ. ಇಷ್ಟು ವರ್ಷದ ಬಿಸಿಲು, ಮಳೆ, ಗಂಜ್ ಮಾರುಕಟ್ಟೆಯ ಕಡೆಯಿಂದ ಬರುವ ಬೇಳೆಯ ಧೂಳು ಎಲ್ಲ ಕುಡಿದು ಆ ಕಲ್ಲಿಗೆ ಹಳೆಯ ಬೆಳ್ಳಿ ಪಾತ್ರೆಯ ಬಣ್ಣ ಬಂದಿದೆ. ಆ ಗೋಡೆಯ ಬಗ್ಗೆ ನನಗೆ ಯಾವಾಗಲೂ ಜಂಬ. ಮದುವೆಯಾಗಿ ಬಂದ ದಿನ ಮೊದಲು ಇಷ್ಟವಾದದ್ದೇ ಆ ಗೋಡೆ, ನಮ್ಮವರು ಆಮೇಲೆ.

ಖೋಲಿಯ ನಕ್ಷೆಗೆಂದು ಕರೆಸಿದ ಇಂಜಿನಿಯರ್ ಹುಡುಗಿ ಕೋಟನೂರಿನವಳು, ಚುರುಕು. ಲ್ಯಾಪ್‌ಟಾಪಿನಲ್ಲಿ ಮನೆಯನ್ನು ತಿರುಗಿಸಿ ತಿರುಗಿಸಿ ತೋರಿಸಿದಳು. ಬಲಗಡೆ ಖಾಲಿ ಇದ್ದ ಜಾಗದಲ್ಲಿ ಖೋಲಿ, ಅದೇ ಎತ್ತರದ ತಳಪಾಯ, ಅದೇ ಅಳತೆಯ ಕಿಟಕಿ, ಮೇಲಿನ ಛಜ್ಜಾದ ಗೆರೆ ಕೂಡ ತುಂಡಾಗದೆ ಮುಂದುವರಿಯುವುದು. ಬ್ಯೂಟಿಫುಲ್ ಎಂದೆ. ಆಮೇಲೆ ಅವಳು ಹೊಸ ಕಲ್ಲಿನ ಸ್ಯಾಂಪಲ್ ತಂದು ನಮ್ಮ ಗೋಡೆಗೆ ಆನಿಸಿಟ್ಟಳು.

ನಮ್ಮವರು ಕುರ್ಚಿಯಿಂದಲೇ ಅಂದರು, "ನನ್ನ ಹಲ್ಲಿನ ಸೆಟ್ ಇದ್ದಂಗ ಅದ ನೋಡು. ಛಲೋ ಅದ, ಆದ್ರ ಕಟ್ಟಿಸಿದ್ದು ಅಂತ ದೂರದಿಂದೇ ಗೊತ್ತಾಗ್ತದ."

"ಸ್ವಲ್ಪ ವರ್ಷ ಹೋದ್ರ ಬಣ್ಣ ಕೂಡ್ತದ ಆಂಟಿ," ಎಂದಳು ಹುಡುಗಿ.

"ನಮ್ಮಕ್ಕಗ ಆಗೇ ಎಂಬತ್ತರ ಮ್ಯಾಲ ಆಗ್ಯಾವವ್ವಾ. ಕಲ್ಲು ಮಾಗೂದು ಕಾಯ್ಕೋತ ಕೂಡಲಾಕ ಆಗ್ತದೇನು?"

ಅಂದು ಮಧ್ಯಾಹ್ನ ದಿಂಬಿನ ಕವರಿನ ಅಂಚು ಬಿಚ್ಚಿತ್ತೆಂದು ಸೂಜಿ ಹಿಡಿದು ಕೂತೆ. ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸು ನೆನಪಾಯಿತು. ಯಾರದೋ ಯೂನಿಫಾರ್ಮ್ ಎದೆಯ ಹತ್ತಿರ ಹರಿದರೆ ನಮ್ಮ ಸಿಸ್ಟರ್ ಹೊಸ ಬಟ್ಟೆ ಮುಟ್ಟಗೊಡುತ್ತಿರಲಿಲ್ಲ. ಒಳಗೆ ಮಡಿಚಿದ ಹೆಮ್‌ನಿಂದಲೇ ಒಂದು ತುಂಡು ಕತ್ತರಿಸಬೇಕು, ಅದು ಫ್ರಾಕಿನ ಜೊತೆಗೇ ಒಗೆತ ತಿಂದದ್ದು, ಜೊತೆಗೇ ಮಾಸಿದ್ದು. ಅದನ್ನು ಎದುರಿಗೆ ಹಚ್ಚಿ, ಹೊಸ ಬಟ್ಟೆಯನ್ನು ಯಾರೂ ನೋಡದ ಹೆಮ್‌ಗೆ ಹಾಕಬೇಕು. ನನ್ನ ಫ್ರಾಕಿಗೆ ಅಷ್ಟು ಅಗಲದ ಹೆಮ್ ಇರುತ್ತಿದ್ದದ್ದು ಅಕ್ಕನಿಂದ. ನಾನು ಎತ್ತರವಾದಂತೆ ಬಿಚ್ಚಿ ಇಳಿಸಲು ಬರಲಿ ಎಂದು ಒಂದು ಗೇಣು ಬಟ್ಟೆ ಒಳಗೆ ಮಡಿಚಿ ಹೊಲಿಯುತ್ತಿದ್ದಳು.

ಸೂಜಿ ಕೆಳಗಿಟ್ಟು ಹಿತ್ತಲಿಗೆ ಹೋದೆ. ನನ್ನ ಬೆಡ್‌ರೂಮಿನ ಹಿಂದಿನ ಗೋಡೆ ಅಲ್ಲಿದೆ. ಅದೇ ಕಲ್ಲು, ಅದೇ ಉಳಿ, ಅದೇ ಬಿಸಿಲು. ನೋಡುವವರು ಯಾರು? ಒಣಹಾಕಿದ ಸೀರೆಗಳು.

ಹುಡುಗಿಗೆ ಫೋನ್ ಹಚ್ಚಿ, ಹಿತ್ತಲ ಗೋಡೆಯ ಕಲ್ಲು ಮುಂದಿನ ಖೋಲಿಗೆ, ಹೊಸ ಕಲ್ಲು ಹಿತ್ತಲಿಗೆ ಎಂದು ಹೇಳಿದೆ. ಅವಳು ಬಂದು ಮಾಡಿನ ಜಂತಿಗಳನ್ನೆಲ್ಲ ನೋಡಿದಳು. ಭಾರವೆಲ್ಲ ಅಕ್ಕಪಕ್ಕದ ಗೋಡೆಗಳ ಮೇಲಿತ್ತು. "ಬಿಚ್ಚಬಹುದು ಆಂಟಿ," ಎಂದಳು, "ಇದು ನನಗ ಹೊಳೀಲಿಲ್ಲ ನೋಡ್ರಿ."

"ಹೊಲಿಗಿ ಕಲ್ತಿದ್ರ ಹೊಳೀತಿತ್ತು," ಎಂದೆ. ಜಂಬ ಬಂದಿತ್ತು, ಅಡಗಿಸಲಿಲ್ಲ.

ನಮ್ಮವರದು ಮಾತ್ರ ಒಂದೇ ಗೊಣಗಾಟ. "ಖೋಲಿ ಹೊಸಾದು ಕಟ್ಟಲಾಕ ಇದ್ದ ಖೋಲಿ ಕೆಡವೂ ಮಂದಿ ಎಲ್ಯಾರ ಇದ್ದಾರೇನು?" ಮಲಗುವ ಮಂಚ ಪಡಸಾಲೆಗೆ ಬಂತು. ಗೌಂಡಿಗಳು ಹಿತ್ತಲ ಕಲ್ಲನ್ನು ಒಂದೊಂದಾಗಿ ಬಿಡಿಸಿ ಮುಂದೆ ಸಾಗಿಸಿದರು. ನಾನು ಕೊಡೆ ಹಿಡಿದು ನಿಂತೇ ಇದ್ದೆ. ಹಳೆಯ ಗೋಡೆಯ ಅಂಚಿನ ಕಲ್ಲು ಕೂಡ ಅಲ್ಲಲ್ಲಿ ತೆಗೆಸಿ, ಎರಡೂ ಕಡೆಯ ಸಾಲು ಬೆರಳಿಗೆ ಬೆರಳು ಕೂಡಿಸಿದ ಹಾಗೆ ಹೆಣೆಸಿದೆ.

ಅಕ್ಕ ಬಂದದ್ದು ಒಂದು ಚಿಪ್ಪು ಕೆಂಪು ಬಾಳೆಹಣ್ಣಿನ ಜೊತೆ. ಒಂದೇ ಬ್ಯಾಗು. ಉಳಿಯುವ ಲೆಕ್ಕದ್ದಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ನೀರೂ ಕುಡಿಯದೆ ಗೋಡೆಯ ಉದ್ದಕ್ಕೂ ಅಂಗೈ ಎಳೆಯುತ್ತ ನಡೆದಳು. ಕೊನೆಗೆ ಪಡಸಾಲೆಯ ಕಿಟಕಿಯ ಪಕ್ಕ ನಿಂತು, "ಇಲ್ಲೇ ಹಚ್ಚೀರಿ. ಸಿಕ್ತು," ಎಂದಳು.

ನಮ್ಮವರು ಜೋರಾಗಿ ನಕ್ಕರು. "ಅಕ್ಕಾರ, ಅದು ನಮ್ಮಪ್ಪ ಹಚ್ಚಿಸಿದ್ದು!"

ಅಕ್ಕ ಮತ್ತೆ ಸವರಿದಳು, ಸೋಲು ಒಪ್ಪಲಿಲ್ಲ. "ಹಳೀ ಕಲ್ಲು ಎಲ್ಲಿಂದ ತಂದ್ರಿ?"

ಕೈ ಹಿಡಿದು ಹಿತ್ತಲಿಗೆ ಕರೆದೊಯ್ದೆ. ನನ್ನ ಖೋಲಿಯ ಹಿಂದಿನ ಗೋಡೆ ಹೊಚ್ಚ ಹೊಸದಾಗಿ ಬಿಸಿಲಿಗೆ ಮಿರಮಿರ ಅನ್ನುತ್ತಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಹುಚ್ಚಿ. ನನ್ನ ಸಲುವಾಗಿ ನಿನ್ನ ಗ್ವಾಡಿ ಬಿಚ್ಚಿಸಿದಿ?"

"ಹೆಮ್ ಬಿಚ್ಚಿಸೀನಿ ಅಷ್ಟೇ."

ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವಳ ಹಳೆಯ ದನಿ ಬಂತು. "ಅಂದ್ರ ಹಳೀ ಕಲ್ಲು ನನ್ನ ಕಡಿ, ಹೊಸಾದು ನಿನ್ನ ಕಡಿ. ಈಗ ನೆಂಟರ ಖೋಲ್ಯಾಗ ಇರಾಕಿ ನೀನೇ ಆದಿ ನೋಡು."

"ಆಗ್ಲಿ ಬಿಡಕ್ಕಾ."

"ಹಂಗಾದ್ರ ನಿಮ್ಮವರಿಗೆ ಹೇಳು," ಎಂದಳು, ಒಳಗೆ ಹೋಗುತ್ತ. "ನನ್ನ ಟ್ರಂಕು ಮಾಳಿಗೀ ಮ್ಯಾಲೇ ಅದ. ನಾಳಿ ಗಾಡಿ ಕಳಿಸಲಿ."